ಜಟ್ಟುವಿನ ಮಂಡಿಮೆತ್ತೆ

ನಾನು ಒಂದು ಮೆತ್ತೆ. ಹೊಟ್ಟೆಯೊಳಗೆ ಸ್ಪಂಜು, ಮೈಮೇಲೆ ಕಪ್ಪು ರೆಕ್ಸಿನ್. ಮುಖ ನೋಡಿ ಮನುಷ್ಯರ ಗುಣ ಅಳೆಯುವ ಭಾಗ್ಯ ನನ್ನ ಜಾತಿಗಿಲ್ಲ. ನಮಗೆ ಏನು ತಿಳಿದರೂ ಅವರ ಭಾರದಿಂದಲೇ. ಯಾರು ಹಾಯಾಗಿ ಕೂತಿದ್ದಾರೆ, ಯಾರು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಾರೆ ಎಂದು ನಮ್ಮನ್ನು ಕೇಳಿದರೆ ತಕ್ಷಣ ಹೇಳಿಬಿಡುತ್ತೇವೆ. ಆದರೆ ಯಾರೂ ಕೇಳುವುದಿಲ್ಲ.

ನಾನು ಹುಟ್ಟಿದ್ದು ಡ್ರೈವರ್ ಸೀಟಾಗಿ, ಹೊನ್ನಾವರದಿಂದ ಗೇರುಸೊಪ್ಪೆಗೆ ಓಡಾಡುವ ಖಾಸಗಿ ಬಸ್ಸಿನಲ್ಲಿ. ಡ್ರೈವರ್ ಸುಬ್ರಾಯಣ್ಣ ಒಳ್ಳೆಯ ಮನುಷ್ಯ, ಆದರೆ ಭಾರಿ ಮನುಷ್ಯ. ಪ್ರತಿ ತಿರುವಿನಲ್ಲೂ ನನ್ನ ಒಂದು ಪಕ್ಕೆ ಚಪ್ಪಟೆಯಾಗುತ್ತಿತ್ತು. ಕೊನೆಗೊಂದು ದಿನ ಬಸ್ಸು ಗುಜರಿಗೆ ಹೋಯಿತು. ನನ್ನನ್ನು ಕಿತ್ತು ಬಂದರು ರಸ್ತೆಯ ಕುಶನ್ ಅಂಗಡಿಯ ಮೂಲೆಗೆ ಎಸೆದರು.

ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದವಳು ಮಾದೇವಿ. ಆಟೋ, ಟೆಂಪೋಗಳ ಸೀಟು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ, ಬೈಯುವುದರಲ್ಲಂತೂ ಇನ್ನೂ ಎತ್ತಿದ ಬಾಯಿ. ಅವಳ ತಮ್ಮ ಜಟ್ಟು. ಅಂಬಿಗರ ಮನೆಯ ಮಕ್ಕಳು. ತಾಯಿ ಬೇಗ ತೀರಿಕೊಂಡ ಮೇಲೆ ಜಟ್ಟುವನ್ನು ಸಾಕಿದವಳು ಅವಳೇ. ಶರಾವತಿಯಲ್ಲಿ ದೋಣಿ ನಡೆಸಿ ಬೆಳೆದ ಅವನು ಸೈನ್ಯ ಸೇರಿದ. ಅಲ್ಲಿಯವರು ಅವನ ತೋಳು ನೋಡಿ ಬೆಂಗಳೂರಿನ ಕೆನೋ ಶಿಬಿರಕ್ಕೆ ಕಳಿಸಿದರು.

ಕೆನೋ ಎಂದರೆ ಸೌತೆಕಾಯಿ ಸೀಳಿನಂಥ ಸಣ್ಣ ದೋಣಿ. ಒಬ್ಬನೇ ಅದರಲ್ಲಿ ಬಲಮಂಡಿಯೂರಿ, ಎಡಗಾಲು ಮುಂದಿಟ್ಟು, ಬಲಗಡೆಯಿಂದಲೇ ಹುಟ್ಟು ಹಾಕಬೇಕು. ಇಡೀ ಮೈಯ ಭಾರ ಆ ಒಂದು ಮಂಡಿಯ ಮೇಲೆ. ವರ್ಷಗಟ್ಟಲೆ ಹಾಗೆ ಕೂತು ಜಟ್ಟುವಿನ ಬಲಮಂಡಿ ಸವೆದುಹೋಗಿತ್ತು. ಏಷ್ಯಾ ಚಾಂಪಿಯನ್‌ಷಿಪ್‌ಗೆ ಆಯ್ಕೆಯಾದ ಖುಷಿಯಲ್ಲೇ ವೈದ್ಯರು ಇನ್ನೊಂದು ಮಾತು ಹೇಳಿದರು: ಈ ವರ್ಷದ ಸ್ಪರ್ಧೆಗಳು ಮುಗಿದ ಮೇಲೆ ಹುಟ್ಟು ಕೆಳಗಿಡಬೇಕು. ಅಂದರೆ ಪದಕ ಬಂದರೆ ಈ ಸಲವೇ ಬರಬೇಕು, ಇಲ್ಲವಾದರೆ ಎಂದೂ ಇಲ್ಲ.

ಅವನು ರಜೆಗೆ ಊರಿಗೆ ಬಂದಾಗ ಮಾದೇವಿ ಅವನನ್ನು ಹೊಳೆದಂಡೆಗೆ ಕರೆದೊಯ್ದು ಒದ್ದೆ ಮರಳಿನ ಮೇಲೆ ಮಂಡಿಯೂರಿಸಿದಳು. ಮೂಡಿದ ಗುಂಡಿಯ ಅಳತೆಯನ್ನು ದಾರದಲ್ಲಿ ಹಿಡಿದಳು. ಅಂಗಡಿಗೆ ಬಂದು ಮೂಲೆಯಲ್ಲಿದ್ದ ನನ್ನನ್ನು ಎಳೆದು, ಅರ್ಧ ಕೊಯ್ದು, ಆ ಗುಂಡಿಯ ಆಕಾರಕ್ಕೇ ಕೊರೆದು, ರೆಕ್ಸಿನ್ ಹೊದಿಸಿ ಹೊಲಿದಳು.

"ಶಿಬಿರದವ್ರು ಕೊಟ್ಟ ಮೆತ್ತೆ ಕಲ್ಲಿನಂಗದೆ. ಇದ್ರ ಮೇಲೆ ಕೂತ್ಕಾ. ಬಸ್ಸಲ್ಲಿ ಕೂತಂಗೇ ಆಗ್ತದೆ ನೋಡು ತಮಾ," ಎಂದಳು.

ಅವನು ಮಂಡಿಯಿಟ್ಟ. ಮೊದಲ ಸಲ ಆ ಮಂಡಿ ನಡುಗದೆ ನಿಂತಿತು. ನನಗೂ ಜೀವ ಬಂದ ಹಾಗಾಯಿತು. ಇಷ್ಟು ವರ್ಷ ಹೊತ್ತದ್ದೆಲ್ಲ ಬರೀ ಭಾರ. ಈಗ ಹೊತ್ತದ್ದು ಒಬ್ಬನ ಆಸೆ.

ಸ್ಪರ್ಧೆ ನಡೆದದ್ದು ಥಾಯ್ಲೆಂಡಿನ ಒಂದು ದೊಡ್ಡ ಕೆರೆಯಲ್ಲಿ. ದೋಣಿ ಅಲ್ಲೇ ಬಾಡಿಗೆಗೆ ಪಡೆದದ್ದು. ದೋಣಿ ಇಂತಿಷ್ಟು ತೂಕಕ್ಕಿಂತ ಹಗುರವಿರಬಾರದು ಎಂಬುದು ನಿಯಮ. ಸ್ಪರ್ಧೆಯ ಹಿಂದಿನ ದಿನ ಕೋಚ್ ಬೋಪಯ್ಯನವರು ನನ್ನನ್ನು ಒಳಗೆ ಕೂರಿಸಿಯೇ ಅಭ್ಯಾಸದ ತಕ್ಕಡಿಯಲ್ಲಿ ದೋಣಿ ತೂಗಿದರು.

"ಸರಿಯಾಗಿದೆ. ಈ ಮೆತ್ತೆ ಗಟ್ಟಿಯಾಗಿ ಅಂಟಿಸಿದ್ದೀಯಾ?"

"ಅಂಟಿಸಿದ್ದೇನೆ ಸರ್. ಅಲುಗಾಡುವುದಿಲ್ಲ."

ಅಂಟಿದೆಯೇ ಎಂದು ಕೇಳಿದರು. ಒಳಗೇನಿದೆ ಎಂದು ಅವರೂ ಕೇಳಲಿಲ್ಲ. ಕೆನೋಗೆ ಹಾಕುವ ಮೆತ್ತೆಯಲ್ಲಿ ಬಸ್ಸಿನ ಸ್ಪಂಜಿರಬಹುದೆಂದು ಪಾಪ, ಯಾರಿಗೆ ತಾನೆ ಹೊಳೆಯಬೇಕು?

ಫೈನಲ್ ದಿನ ಎದುರುಗಾಳಿ. ಸಾವಿರ ಮೀಟರ್ ದೂರ. ಆರಂಭದಲ್ಲಿ ಜಟ್ಟು ಹಿಂದೆ ಬಿದ್ದ. ಗಾಳಿಗೆ ಎದ್ದ ಅಲೆಯ ನೀರು ದೋಣಿಯೊಳಗೆ ಸಿಡಿಯುತ್ತಿತ್ತು. ಹೊಲಿಗೆಯ ಒಂದೊಂದೇ ತೂತಿನಿಂದ ಅದು ನನ್ನೊಳಗೆ ಇಳಿಯಿತು. ಅದು ಒಳಗೆ ತಣ್ಣಗೆ ಹರಡುವಾಗ ನನಗೇಕೋ ದಿಗಿಲಾಯಿತು. ಆದರೆ ಮೇಲಿನ ಮಂಡಿ ಬಿಸಿಯಾಗಿ, ಹಟಮಾರಿಯಾಗಿ ನನ್ನನ್ನು ಒತ್ತುತ್ತಲೇ ಇತ್ತು. ಪ್ರತಿ ಹುಟ್ಟಿಗೂ ಅವನು ಮೈಯನ್ನು ಮುಂದಕ್ಕೆ ಚಾಚಿ, ಇಡೀ ಭಾರ ಸುರಿದು, ನೀರನ್ನು ಹಿಂದಕ್ಕೆ ತಳ್ಳುತ್ತಿದ್ದ. ಅರ್ಧ ದಾರಿ ಕಳೆದಾಗ ಪಕ್ಕದ ದೋಣಿಯ ಸದ್ದು ಮುಂದಿತ್ತು. ನಂತರ ಪಕ್ಕಕ್ಕೆ ಬಂತು. ಆಮೇಲೆ ಹಿಂದಿನಿಂದ ಕೇಳಿಸತೊಡಗಿತು. ಗುರಿ ದಾಟಿದ ಮೇಲೆ ಜಟ್ಟು ದೋಣಿಯೊಳಗೇ ಕುಸಿದು, ನನ್ನ ಮೇಲೆ ಹಣೆಯೊತ್ತಿ ಅತ್ತ. ಮೂರನೆಯ ಸ್ಥಾನ. ಕಂಚು!

ದಡದಲ್ಲಿ ತೂಕದ ಪರೀಕ್ಷೆಗೆ ಅವನ ದೋಣಿಯನ್ನೂ ಕರೆದರು. ಅಲ್ಲಿದ್ದ ಅಧಿಕಾರಿ ನೆರೆತ ಕೂದಲಿನ ಹೆಂಗಸು, ಸಭ್ಯಸ್ಥೆ. ಆಕೆ ದೋಣಿಯೊಳಗೆ ಬಗ್ಗಿ ನನ್ನ ಪಕ್ಕೆಗೆ ಹೆಬ್ಬೆರಳು ಇಟ್ಟು ಒತ್ತಿದಳು.

ಹೊಲಿಗೆಯ ತೂತುಗಳಿಂದ ನೀರು ಜಿನುಗಿತು.

ನೀರು ಹೀರುವ ಮೆತ್ತೆಯನ್ನು ತೆಗೆದಿಟ್ಟೇ ತೂಗಬೇಕಂತೆ. ನನ್ನನ್ನು ಕಿತ್ತು ನೆಲಕ್ಕಿಟ್ಟರು. ನಾನಿಲ್ಲದ ದೋಣಿ ತೂಕದಲ್ಲಿ ಸೋತಿತು. ಆಕೆ ಮತ್ತೊಮ್ಮೆ ತೂಗಿದಳು. ಬೇಸರದಿಂದಲೇ ತಲೆಯಾಡಿಸಿದಳು. ಜಟ್ಟು ಅನರ್ಹನಾದ. ಹಿಂದಿದ್ದವನು ಮುಂದೆ ಬಂದು ಕಂಚಿಗೆ ಕೊರಳೊಡ್ಡಿದ.

ಬೋಪಯ್ಯನವರು ನನ್ನನ್ನು ಎತ್ತಿ ಜಟ್ಟುವಿನ ಕೈಗೆ ಕೊಟ್ಟರು. "ಒಳಗೇನಿದೆ ಅಂತ ನಾನು ಕೇಳಬೇಕಿತ್ತು ಜಟ್ಟು. ತಪ್ಪು ನನ್ನದು."

"ಯಾರದಾದರೂ ಆಗಲಿ ಸರ್. ಅಕ್ಕನಿಗೆ ಮಾತ್ರ ಗೊತ್ತಾಗಬಾರದು."

ಕಸದ ಡಬ್ಬಿ ಪಕ್ಕದಲ್ಲೇ ಇತ್ತು. ಅವನು ನನ್ನನ್ನು ಅದರಲ್ಲಿ ಹಾಕಲಿಲ್ಲ. ಹಾಕಿದ್ದರೆ ಚೆನ್ನಾಗಿತ್ತು ಎಂದು ಊರಿಗೆ ಬರುವವರೆಗೂ ಚೀಲದೊಳಗೆ ಕೂತು ಅಂದುಕೊಂಡೆ.

ಊರಿನಲ್ಲಿ ಎಲ್ಲರೂ ಮೊಬೈಲಿನಲ್ಲಿ ಸ್ಪರ್ಧೆ ನೋಡಿಬಿಟ್ಟಿದ್ದರು. ಮಾದೇವಿ ಅಂಗಡಿಯ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು.

"ಮೂರನೇದು ಬಂದದ್ದು ಕಣ್ಣಾರೆ ನೋಡಿದೆ. ಮತ್ತೆ ಎಂತಾಯ್ತಾ ತಮಾ?"

"ಬಾಡಿಗೆ ದೋಣಿ ಅಕ್ಕಾ. ತೂಕ ಕಮ್ಮಿ ಬಂತು."

ಅಷ್ಟೇ ಸಾಕಾಯಿತು. ಮಾದೇವಿ ಸೆರಗು ಸಿಕ್ಕಿಸಿ ನಿಂತಳು. "ಯಾರಾ ಆ ದೋಣಿ ಮಾಡ್ದವ್ರು? ಒಬ್ಬನ ಜೀವಮಾನದ ಕೆಲಸ ಮಣ್ಣುಪಾಲು ಮಾಡಿದ್ರಲ್ಲ! ಅವರ ಕೈ ಸೇದಿಹೋಗ್ಲಿ! ಮತ್ತೆಂದೂ ಏನನ್ನೂ ಮಾಡದಂಗೆ ಆಗ್ಲಿ ಆ ಕೈ!"

ಜಟ್ಟು ನಿಜ ಹೇಳದೆಯೇ ಇದ್ದುಬಿಡುತ್ತಿದ್ದನೋ ಏನೋ. ಆದರೆ ಅವನ ಕಣ್ಣು ಹೊಲಿಗೆ ಯಂತ್ರದ ಮೇಲೆ ಬಿತ್ತು. ಅಲ್ಲಿ ನನ್ನ ಇನ್ನರ್ಧವಿತ್ತು. ಬಸ್ಸಿನಲ್ಲಿ ಜೊತೆಗೇ ಇದ್ದ ಅದೇ ಸ್ಪಂಜು, ಮಂಡಿಯ ಆಕಾರಕ್ಕೆ ಕೊರೆದು, ಮುಕ್ಕಾಲು ಹೊಲಿದದ್ದು.

"ಇದು ಯಾರಿಗೆ ಅಕ್ಕಾ?"

"ನಿಮ್ಮ ಶಿಬಿರದ ಇರ್ಫಾನಂಗೆ. ನೀ ಹೋದ ಮೇಲೆ ಫೋನ್ ಮಾಡಿದ್ದ. 'ಅಕ್ಕಾ, ಜಟ್ಟಣ್ಣಂಗೆ ಮಾಡಿದ್ದಂತದೇ ನಂಗೂ ಬೇಕು, ಮುಂದಿನ ತಿಂಗ್ಳು ಪರದೇಶಕ್ಕೆ ಸ್ಪರ್ಧೆಗೆ ಹೋಗ್ತೆ' ಅಂದ. ನಾಳೆ ಬಸ್ಸಿಗೆ ಕಳಿಸ್ತೆ."

ಜಟ್ಟು ಚೀಲ ಬಿಚ್ಚಿ ನನ್ನನ್ನು ತೆಗೆದ. ಅಂಗಡಿಯ ಹಿಂದಿನ ಬಕೆಟ್ಟಿನಲ್ಲಿ ಅದ್ದಿ, ನೀರು ಸೋರಿ ನಿಲ್ಲುವವರೆಗೆ ಹಿಡಿದಿದ್ದು, ರೆಕ್ಸಿನ್ ಒರೆಸಿ, ಅಕ್ಕನ ಮುಂದೆ ಇಟ್ಟ.

"ಒತ್ತು ಅಕ್ಕಾ."

"ಎಂತಕ್ಕಾ ತಮಾ?"

"ಒಂದ್ಸಲ ಒತ್ತು."

ಅವಳು ಹೆಬ್ಬೆರಳಿನಿಂದ ಒತ್ತಿದಳು. ನಾನು ಉಸಿರು ಹಿಡಿದೆ; ಪ್ರಯೋಜನವಾಗಲಿಲ್ಲ. ನೀರು ಬಂದು ಅವಳ ಬೆರಳನ್ನು ನೆನೆಸಿತು.

"ನೀರು ಹೀರೋದನ್ನ ತೆಗ್ದಿಟ್ಟು ತೂಗ್ತಾರೆ ಅಕ್ಕಾ," ಎಂದ ಜಟ್ಟು, ಅತ್ತ ನೋಡುತ್ತ.

ಮಾದೇವಿ ಒದ್ದೆ ಕೈಯನ್ನು ಮುಂದೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

"ನಾ ಬೈದದ್ದೆಲ್ಲ ಈ ಕೈಗೇ ಬೈದಂಗಾಯ್ತಲ್ಲಾ ತಮಾ," ಎಂದಳು.

"ಆ ಕೈ ಇಲ್ದಿದ್ರೆ ನಾ ಫೈನಲ್ಲಿಗೇ ಹೋಗ್ತಿರ್ಲಿಲ್ಲ. ಮಂಡಿ ಒಂದು ದಿನನೂ ನೋಯ್ಲಿಲ್ಲ ಅಕ್ಕಾ."

ಅವಳು ಬ್ಲೇಡು ತೆಗೆದುಕೊಂಡು ಇರ್ಫಾನನ ಮೆತ್ತೆಯ ಹೊಲಿಗೆಯನ್ನು ಬಿಚ್ಚತೊಡಗಿದಳು. ಸ್ಪಂಜನ್ನು ಹೊರಗೆಳೆದು ಹಾಕಿದಳು. ಮರುದಿನ ಜಟ್ಟು ನೀರು ಹೀರದ ಗಟ್ಟಿ ಫೋಮ್ ತಂದುಕೊಟ್ಟ. ಅವಳು ಅದನ್ನು ಕೊರೆದು ಹೊಸ ಮೆತ್ತೆ ಮಾಡಿದಳು. ಕಳಿಸುವ ಮುನ್ನ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ತೆಗೆದು, ಮತ್ತೆ ಮತ್ತೆ ಒತ್ತಿ ನೋಡಿದಳು.

ಜಟ್ಟು ಹುಟ್ಟು ಕೆಳಗಿಟ್ಟು ವರ್ಷಗಳಾದವು. ಈಗ ಅವನು ಶಿಬಿರದಲ್ಲಿ ಕಲಿಸುತ್ತಾನೆ, ನಡೆಯುವಾಗ ತುಸು ಕುಂಟುತ್ತಾನೆ. ನನಗೂ ವಯಸ್ಸಾಯಿತು, ರೆಕ್ಸಿನ್ ಬಿರುಕು ಬಿಟ್ಟಿದೆ, ಸ್ಪಂಜು ಪುಡಿಯಾಗುತ್ತಿದೆ. ಮಾದೇವಿ ನನ್ನನ್ನು ಎಸೆಯಲಿಲ್ಲ, ತನ್ನ ಯಂತ್ರದ ಸ್ಟೂಲಿನ ಮೇಲೆ ಹಾಕಿಕೊಂಡಿದ್ದಾಳೆ. ನನ್ನ ನಡುವೆ ಜಟ್ಟುವಿನ ಮಂಡಿಯ ಗುಂಡಿ ಇನ್ನೂ ಹಾಗೇ ಇದೆ. ಎಷ್ಟು ಕೂತರೂ ಅವಳಿಂದ ಅದು ತುಂಬಿಲ್ಲ.

ಭಾರ ಹೊರುವುದಷ್ಟೇ ಕೆಲಸ ಅಂದುಕೊಂಡಿದ್ದವನು ನಾನು. ಪ್ರೀತಿಯಿಂದ ಮಾಡಿದ್ದೂ ಒಬ್ಬನನ್ನು ಮುಳುಗಿಸಬಹುದು ಎಂಬ ಭಾರವನ್ನು ಮಾತ್ರ ಇಳಿಸಲಾಗಿಲ್ಲ. ಅವಳಿಗೂ ಆಗಿಲ್ಲ. ಬೆಳಿಗ್ಗೆ ಅಂಗಡಿ ತೆರೆದು, ಕೂರುವ ಮುನ್ನ, ಅವಳು ದಿನವೂ ನನ್ನ ಪಕ್ಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಾಳೆ. ಆಮೇಲೆ ಬೆರಳನ್ನು ನೋಡಿಕೊಳ್ಳುತ್ತಾಳೆ.

ನಾನು ಒಣಗಿ ಎಷ್ಟೋ ಕಾಲವಾಯಿತು.