ಪ, ಬ, ಮ

ಗಾಜಿನ ಆಚೆ ಮೀಸೆ ಅಲ್ಲಾಡುತ್ತಿದೆ, ಮೀಸೆಯೊಂದೇ, ತುಟಿ ಕಾಣುವುದಿಲ್ಲ, ಇಷ್ಟು ದಟ್ಟ ಮೀಸೆ ಬಿಟ್ಟವರನ್ನು ಮ್ಯಾನೇಜರ್ ಮಾಡುವವರು ಯಾರೋ, ಪುಣ್ಯಾತ್ಮ ಒಂದು ಸಲ ಕತ್ತರಿ ಆಡಿಸಿದ್ದರೆ ಅವಳ ಬದುಕು ಎಷ್ಟೋ ಹಗುರವಾಗುತ್ತಿತ್ತು — ಹೊರಗೆ ಕೂತಿರಿ, ಕರೀತೀವಿ ಅಂದ, ಅಥವಾ ಅಂದಿರಬೇಕು, ಕೈ ಬೆಂಚಿನ ಕಡೆ ತೋರಿಸಿದ್ದರಿಂದ ಬಂದು ಕೂತಿದ್ದಾಳೆ, ಬಾಗಿಲು ಅರ್ಧ ತೆರೆದೇ ಇದೆ, ಕಿವಿ ಇರುವವರಿಗೆ ಒಳಗಿನ ಮಾತೆಲ್ಲ ಸಲೀಸಾಗಿ ಕೇಳುವಷ್ಟು ಹತ್ತಿರ, ಅವಳಿಗೆ ಗುಂಯ್ ಎನ್ನುವುದಷ್ಟೇ, ಮೀಸೆಯ ಪಕ್ಕದಲ್ಲಿ ಮೇಡಂ, ಇಲ್ಲಿಯ ಮೇಲ್ವಿಚಾರಕಿ, ವಯಸ್ಸಾದ ಹೆಂಗಸು, ಅವರ ತುಟಿ ಮಾತ್ರ ಬಿಡಿಸಿ ಬಿಡಿಸಿ ಮಾತಾಡುವ ತುಟಿ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಆಸ್ಪತ್ರೆಗಳಿಗೆ ಹಾಸಿಗೆಬಟ್ಟೆ ಹೊಲಿಯುವ ಜಾಗ ಇದು, ಹೊಲಿದು ಬಂದದ್ದನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವ ಕೆಲಸ, ಅದಕ್ಕೆ ಕಣ್ಣು ಬೇಕು, ಬೆರಳು ಬೇಕು, ಕಿವಿ ಯಾತಕ್ಕೆ ಬೇಕೋ ಅವಳಿಗಂತೂ ತಿಳಿಯದು, ಆದರೂ ಹೋದ ಸಲ ಇನ್ನೊಂದು ಕಡೆ ಕೆಲಸ ಕೇಳಿ, ಕಿವಿಯ ವಿಷಯ ಇದ್ದ ಹಾಗೆ ಹೇಳಿದ್ದಕ್ಕೆ ತಿಳಿಸ್ತೀವಿ ಅಂದವರು ಇನ್ನೂ ತಿಳಿಸುತ್ತಲೇ ಇದ್ದಾರೆ.

ಮೆಲ್ಲಗೆ ಮಾತಾಡಮ್ಮ, ನೀನು ಬಾಯಿ ಬಿಟ್ರೆ ಪಕ್ಕದ ಮನೆ ಮಗು ಎದ್ದು ಅಳುತ್ತೆ, ಕಿವಿ ವಿಷಯ ಎತ್ತಲೇಬೇಡ — ಬೆಳಿಗ್ಗೆ ಮಗಳು ಹಿಂದೆ ನಿಂತು, ಕಿವಿ ಮುಚ್ಚುವ ಹಾಗೆ ಕೂದಲು ಬಾಚುತ್ತಾ, ಕನ್ನಡಿಯೊಳಗಿಂದ ಹೇಳಿದ್ದಳು, ಕನ್ನಡಿಯಲ್ಲಾದರೆ ಅಮ್ಮನಿಗೆ ತುಟಿ ಕಾಣುತ್ತದೆ ಅಂತ ಹುಡುಗಿಗೆ ಗೊತ್ತು, ಜಾಣೆ. ಮೆಲ್ಲಗೆ, ಮೆಲ್ಲಗೆ ಎಂದು ದಾರಿಯುದ್ದಕ್ಕೂ ಜಪಿಸಿಕೊಂಡು ಬಂದು, ಆಗಲೇ ಒಳಗೆ, ಮೊದಲು ಎಲ್ಲಿದ್ದೆಯಮ್ಮ ಎಂದು ಮೇಡಂ ಕೇಳಿದಾಗ, ಅಯ್ಯೋ ಕರ್ಮವೇ, ದನಿಯನ್ನೇ ಬಿಟ್ಟು ಉತ್ತರ ಹೇಳಿಬಿಟ್ಟಳು, ಬರೀ ತುಟಿಯಲ್ಲಿ, ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಹೇಳುವ ಹಾಗೆ, ಒಂದೊಂದು ಅಕ್ಷರಕ್ಕೂ ಬಾಯಿ ಅಗಲಿಸಿ, ಹುಬ್ಬು ಕುಣಿಸಿ, ಹೇಳಿ ಮುಗಿಸಿ ಅಪ್ಪಾ ಸದ್ಯ ಎಂದು ನೆಮ್ಮದಿಯಾಗಿ ಕೂತಿದ್ದಳು, ಎದುರಿನವರಿಬ್ಬರೂ ಅವಳನ್ನೇ ನೋಡುತ್ತಿದ್ದರು, ಮೇಡಂ ಮುಂದೆ ಬಾಗಿ ಗಂಟಲು ಕಟ್ಟಿದೆಯೇನಮ್ಮ, ನೀರು ಕುಡೀತೀಯಾ ಅಂದ ಮೇಲೇ ತಾನು ಮಾಡಿದ್ದು ತಿಳಿದದ್ದು, ಹೌದು ಮೇಡಂ, ಗಂಟಲು — ಸುಳ್ಳಾದರೂ ಮೆಲ್ಲಗೆ ಬರಬಾರದೇ, ಎಷ್ಟು ಜೋರಾಗಿ ಬಂತೆಂದರೆ ಮೀಸೆ ಬೆಚ್ಚಿಬಿತ್ತು. ನಾಚಿಕೆಯಿಂದ ಅವಳ ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು.

ಶೆಡ್ಡಿನಲ್ಲಿ ದನಿ ಯಾರಿಗೆ ಬೇಕಿತ್ತು, ಮಗ್ಗಗಳ ಆ ಅಬ್ಬರದಲ್ಲಿ ಕಿರುಚಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ತುಟಿಯಲ್ಲೇ ಸುಖದುಃಖ, ತುಟಿಯಲ್ಲೇ ಜಗಳ, ಮೇಸ್ತ್ರಿ ಬೆನ್ನು ತಿರುಗಿಸಿದ್ದೇ ತಡ ಅವನ ಜನ್ಮ ಜಾಲಾಡುವುದೂ ತುಟಿಯಲ್ಲೇ, ಕಿವಿ ಯಾವಾಗ ಹೋಯಿತೆಂದು ಅದಕ್ಕೇ ಗೊತ್ತಾಗಲಿಲ್ಲ, ನಿನ್ನ ಜೊತೆ ಜಗಳ ಆಡ್ಬೇಕಂದ್ರೂ ದೀಪ ಹಾಕ್ಬೇಕು ಕಣೇ ಎಂದು ಗಂಡ ನಗುತ್ತಿದ್ದ, ಈಗ ನಗುವುದಿಲ್ಲ, ಗಿರಣಿಯ ಗೇಟಿಗೆ ಬೀಗ ಬಿದ್ದಿದೆ, ಅವನ ಸೊಂಟ ಅವನನ್ನು ಏಳಗೊಡುವುದಿಲ್ಲ, ಇನ್ನು ಮನೆ ನಡೆಯಬೇಕಾದರೆ ಅವಳೇ. ಆದರೆ ತುಟಿಯನ್ನೂ ಪೂರ್ತಿ ನಂಬುವ ಹಾಗಿಲ್ಲ — ಪ, ಬ, ಮ ಮೂರೂ ಒಂದೇ, ಮೂರಕ್ಕೂ ತುಟಿ ಕೂಡಿ ಬಿಡಬೇಕು, ನೋಡುವವರಿಗೆ ವ್ಯತ್ಯಾಸವೇ ಇಲ್ಲ, ಅದಕ್ಕೇ ಶೆಡ್ಡಿನಲ್ಲಿ ಅಪ್ಪ ಅನ್ನುವಾಗ ಮೀಸೆ ತಿರುವಬೇಕು, ಅಮ್ಮ ಅನ್ನುವಾಗ ಕೆನ್ನೆ ಮುಟ್ಟಬೇಕು, ಆವತ್ತು ಪಕ್ಕದ ಮಗ್ಗದವಳು ಅಳುತ್ತಾ ಬಂದು, ಹೋಗ್ಬಿಟ್ರಂತೆ ಕಣೇ ಅಂದಳು, ಅವಸರದಲ್ಲಿ ಮೀಸೆ ತಿರುವಲು ಮರೆತಳು, ಇವಳಿಗೆ ಕಂಡದ್ದು ಅಮ್ಮ ಅಂದ ಹಾಗೆ, ಅಮ್ಮಾ ಅಮ್ಮಾ ಎಂದು ಬೀದಿಯುದ್ದಕ್ಕೂ ಗೋಳಾಡಿಕೊಂಡು ಓಡಿದರೆ ಬಾಗಿಲು ತೆಗೆದದ್ದು ಅಮ್ಮನೇ, ಆ ಒಂದು ಗಳಿಗೆ ಎಂಥ ಖುಷಿ, ತಬ್ಬಿಕೊಂಡು ನಕ್ಕೇಬಿಟ್ಟಳು, ಆಮೇಲೆ ಅಮ್ಮನ ಹೆಗಲ ಮೇಲಿಂದ, ಒಳಗೆ ನೆಲದ ಮೇಲೆ ಮಲಗಿಸಿದ್ದ ಅಪ್ಪನ ಪಾದ ಕಂಡಿತು — ಆ ನಗುವನ್ನು ಅಲ್ಲೇ ಕೂತಿದ್ದ ಅಕ್ಕ ಇವತ್ತಿಗೂ ಕ್ಷಮಿಸಿಲ್ಲ.

ಮೀಸೆ ಅತ್ತಿತ್ತ ತಲೆ ಆಡಿಸುತ್ತಿದೆ, ಬೇಡವೆಂದೋ, ಏನು ಮಾಡೋಣವೆಂದೋ, ಮೇಡಂ ಏನೋ ಹೇಳುತ್ತಿದ್ದಾರೆ, ಮುಖ ಆ ಕಡೆಗಿದೆ, ಈ ಕಡೆ ತಿರುಗಬಾರದೇ, ತಿರುಗಿದರು, ನೆಟ್ಟಗೆ ಅವಳನ್ನೇ ನೋಡಿದರು, ತುಟಿ ಕೂಡಿತು, ತೆರೆಯಿತು, ಮತ್ತೆ ಕೂಡಿತು, ತೆರೆಯಿತು — ಪಾಪ. ಪಾಪ ಅಂದರು, ಮುಗಿಯಿತು, ಗೊತ್ತಾಗಿಹೋಗಿದೆ — ಅಲ್ಲ, ತಾಳು, ಬಾಮ್ಮ ಅಂದಿದ್ದರೂ ಹಾಗೇ ಅಲ್ಲವೇ, ಬಾಮ್ಮ, ಕೂಡಿ ತೆರೆದು ಕೂಡಿ ತೆರೆದು, ಅದೇ ತುಟಿ, ಮೀಸೆಗೆ ಪಾಪ ಎನ್ನುತ್ತಾ ನೋಡಿದರೋ, ಬಾಮ್ಮ ಎಂದು ಕರೆದರೋ, ಕರೆಯದೆ ಒಳಗೆ ನುಗ್ಗಿದರೆ ಕಿವಿ ಇಲ್ಲವೆಂದು ತಾನೇ ಡಂಗುರ ಸಾರಿದ ಹಾಗೆ, ಕರೆದಿದ್ದರೂ ಕೂತೇ ಇದ್ದರೆ ಅದೂ ಹಾಗೆಯೇ, ಒಂದು ಸಲ ಕೈ ಸನ್ನೆ ಮಾಡು ತಾಯಿ, ಒಂದೇ ಸಲ, ಮೇಡಂ ಕಣ್ಣಿನಲ್ಲಿ ಕನಿಕರ ಇದೆ, ಕನಿಕರ ಇದ್ದವರೂ ಕರೆಯುತ್ತಾರೆ, ಕನಿಕರ ಇದ್ದವರೂ ಕಳಿಸಿಬಿಡುತ್ತಾರೆ, ಬೆಂಚಿನಿಂದ ಅರ್ಧ ಎದ್ದಿದ್ದಾಳೆ, ಪೂರ್ತಿ ಎದ್ದಿಲ್ಲ, ಗಾಜಿನ ಆಚೆ ತುಟಿ ಮತ್ತೆ ಕೂಡಿದೆ, ತೆರೆಯುತ್ತಿದೆ, ಕೂಡಿದೆ