ಇಪ್ಪತ್ತಾರು ಚಿತ್ರ, ಒಂದೇ ಕೈ

ಶಿಶುವಿಹಾರದ ಗೋಡೆಯ ತುಂಬ ಮನೆಗಳು. ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಹಾಳೆ, ಹಾಳೆಗೊಂದು ಮನೆ. ಎಲ್ಲ ಮನೆಗೂ ಕೆಂಪು ಮಾಡು, ಎಡಕ್ಕೊಂದು ಮರ, ಬಲಕ್ಕೊಂದು ಮರ, ಮೇಲಿನ ಮೂಲೆಯಲ್ಲಿ ನಗುವ ಸೂರ್ಯ. ಪ್ರದರ್ಶನ ನೋಡಲು ಬಂದ ಅಪ್ಪ ಅಮ್ಮಂದಿರು ತಮ್ಮ ಮಗುವಿನ ಹೆಸರು ಹುಡುಕಿ, ಅದರ ಮುಂದೆ ಮಗುವನ್ನು ನಿಲ್ಲಿಸಿ, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳುತ್ತಿದ್ದರು.

ಟೈಲರಮ್ಮ ಮಾತ್ರ ಫೋಟೋ ಹೊಡೆಯಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಒಂದೊಂದೇ ಹಾಳೆಯನ್ನು ನೋಡುತ್ತ ಹೋದಳು. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಹತ್ತು ಜನ ಹೊಲಿದ ಅಂಗಿಗಳನ್ನು ಮುಂದೆ ಹರಡಿದರೆ ಯಾವ ಗುಂಡಿಯ ಕಾಜಾ ಯಾರ ಕೈಯದು ಎಂದು ಹೇಳಿಬಿಡುತ್ತಾಳೆ. ಅಂಥವಳ ಕಣ್ಣಿಗೆ ಮಣ್ಣೆರಚುವುದು ಸುಲಭವೇ? ಇಲ್ಲಿ ಬಣ್ಣವೆಲ್ಲ ಒಂದೇ ಓರೆಯಲ್ಲಿ ಎಳೆದದ್ದು. ಒಂದೇ ಒಂದು ಕಡೆಯೂ ಗೆರೆ ದಾಟಿಲ್ಲ. ಸೂರ್ಯನ ನಗುವಿನ ಅಳತೆ ಕೂಡ ಹಾಳೆಯಿಂದ ಹಾಳೆಗೆ ಬದಲಾಗಿಲ್ಲ. ಮೊಮ್ಮಗಳ ಹೆಸರಿದ್ದ ಹಾಳೆಯೂ ಹಾಗೆಯೇ ಇತ್ತು.

"ಇದು ನಮ್ಮ ಬಟನ್ ಮಾಡಿದ್ದಲ್ಲ," ಎಂದಳು.

ಐದು ವರ್ಷದ ಆ ಮೊಮ್ಮಗಳನ್ನು ಮನೆಯಲ್ಲಿ ಕರೆಯುವುದೇ ಬಟನ್ ಎಂದು. ಅಜ್ಜಿಯ ಅಂಗಡಿಯಲ್ಲಿ, ಗುಂಡಿಗಳ ಡಬ್ಬದ ಪಕ್ಕದಲ್ಲೇ ಬೆಳೆದ ಮಗು. ಹುಟ್ಟಿನಿಂದಲೂ ಬೆರಳುಗಳಲ್ಲಿ ಬಲ ಕಡಿಮೆ. ತೆಳ್ಳಗಿನದು ಏನು ಕೊಟ್ಟರೂ ಜಾರಿ ಬೀಳುತ್ತದೆ. ಮಾತೂ ನಿಧಾನ, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ನಾವು ಕಾಯಬೇಕು.

"ಯಾರು ಮಾಡಿದ್ರೇನಮ್ಮ? ಚೆನ್ನಾಗಿದೆಯಲ್ಲ," ಎಂದ ಮಗ. ಬಟನ್‌ಳ ಅಪ್ಪ, ಲಿಫ್ಟ್ ರಿಪೇರಿ ಮಾಡುವವನು, ಅರ್ಧ ದಿನ ರಜ ಹಾಕಿ ಬಂದಿದ್ದ. "ಎಲ್ಲರ ಜೊತೆ ಅವಳ ಹೆಸರೂ ಇದೆ. ಅದೇ ದೊಡ್ಡದು."

ಟೈಲರಮ್ಮ ಬಗ್ಗಿ ಮೊಮ್ಮಗಳನ್ನೇ ಕೇಳಿದಳು. "ಬಂಗಾರಿ, ಇದರಲ್ಲಿ ನಿಂದು ಯಾವುದು?"

ಬಟನ್ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು.

"ನಂದು... ಇಲ್ಲ."

ಟೈಲರಮ್ಮ ನೇರ ಟೀಚರ್ ಹತ್ತಿರ ನಡೆದಳು.

"ಕೈ ಹಿಡಿದು ಮಾಡಿಸಿದ್ದೀವಿ ಅಜ್ಜಿ," ಎಂದರು ಟೀಚರ್.

"ಕೈ ಹಿಡಿದಿದ್ರೆ ಮಗುವಿಗೆ ನೆನಪಿರ್ತಿರಲಿಲ್ವಾ? ಉಳಿದ ಮಕ್ಕಳದ್ದು ಯಾರು ಮಾಡಿದ್ದು?"

ಟೀಚರ್ ಸುತ್ತ ನೋಡಿ ದನಿ ತಗ್ಗಿಸಿದರು. "ಸ್ವಲ್ಪ ಫಿನಿಶಿಂಗ್ ಕೊಟ್ಟಿದ್ದೀನಿ. ಮಕ್ಕಳು ಗೀಚಿದ್ದನ್ನೇ ಅಂಟಿಸಿದ್ರೆ ದೊಡ್ಡ ಮೇಡಂ ಬಿಡ್ತಾರಾ? ನೀವೇ ಬಂದು, ಇದೇನು ಕಲಿಸಿದ್ದೀರ ಅಂತ ಕೇಳಲ್ವಾ?"

"ಚಿತ್ರ ಬರೆಯೋ ಹೊತ್ತಲ್ಲಿ ನಮ್ಮ ಮಗು ಎಲ್ಲಿ ಕೂತಿರ್ತಾಳೆ?"

"ಕಿಟಕಿ ಹತ್ತಿರ. ಆಡೋಕೆ ಒಂದು ಚೆಂಡು ಕೊಟ್ಟಿರ್ತೀವಿ. ಪಾಪ, ಗಲಾಟೆ ಮಾಡಲ್ಲ." ಟೀಚರ್ ತಡವರಿಸಿದರು. "ನಿಮಗೆ ಹೇಳಬೇಕು ಅಂತಲೇ ಇದ್ದೆ. ಅವಳು ಕ್ರೇಯಾನ್ ಹಿಡಿಯಲ್ಲ, ಕ್ಲಾಸಿಗೆ ಹೊಂದ್ಕೊಳ್ತಿಲ್ಲ. ಈ ತಿಂಗಳು ನೋಡೋಣ, ಆಮೇಲೆ ಮನೆಯಲ್ಲೇ ಇಟ್ಟುಕೊಳ್ಳಲಿ ಅಂತಾರೆ ದೊಡ್ಡ ಮೇಡಂ."

ಟೈಲರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಚೆಂಡಂತೆ! ಇಪ್ಪತ್ತೈದು ಮಕ್ಕಳು ಮೇಜಿನ ಸುತ್ತ, ತನ್ನ ಮೊಮ್ಮಗಳು ಕಿಟಕಿಯ ಹತ್ತಿರ ಮೂಟೆಯ ಹಾಗೆ. ಗಲಾಟೆ ಮಾಡುವುದಿಲ್ಲವಂತೆ, ಪಾಪವಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ಇವರ ಕಥೆ. ಅಲ್ಲೇ ಜಾಡಿಸಿಬಿಡುತ್ತಿದ್ದಳು, ಮಗ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ.

ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. ಮಗನದು ಬೇರೆ ರಾಗ. "ಬಿಡಮ್ಮ, ಬಣ್ಣ ಬಳಿಯೋದೇನು ದೊಡ್ಡ ವಿದ್ಯೆನಾ? ಅಕ್ಷರ ಬಂದ್ರೆ ಸಾಕು. ಬರದೇ ಇದ್ರೆ ಒಂದು ವರ್ಷ ಮನೆಯಲ್ಲೇ ಇರಲಿ."

ಮನೆಯಲ್ಲಿದ್ದರೆ ಅವಳ ಜೊತೆ ಆಡುವವರು ಯಾರು? ಟೈಲರಮ್ಮ ಕೇಳಿದಳು. ಮಗುವಿನ ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಆ ವಾರ ಬಿಡುವಿಲ್ಲದ ಡ್ಯೂಟಿ.

ಮರುದಿನ ಬೆಳಿಗ್ಗೆ ಅಂಗಡಿಗೆ ಥೆರಪಿ ಅಕ್ಕ ಬಂದಳು. ಸೊಸೆ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಕ್ಕಳ ಕೈಕಾಲಿಗೆ ವ್ಯಾಯಾಮ ಮಾಡಿಸುವವಳು ಅವಳು. ತೋಳು ಗಿಡ್ಡ ಮಾಡಲು ಕೊಟ್ಟಿದ್ದ ಕಪ್ಪು ಕೋಟನ್ನು ಒಯ್ಯಲು ಬಂದಿದ್ದಳು. ಹಾಕಿ ನೋಡಿ, ಸರಿಯಾಗಿದೆ ಎಂದು ತೆಗೆದು, ಮಡಚುವಾಗ ಕೈ ತಡೆಯಿತು. ಒಳಗಿನ ಕಪ್ಪು ಅಸ್ತರಿನ ಮೇಲೆ ಬಿಳಿ ಗೆರೆಗಳು.

"ಟೈಲರಮ್ಮ, ಇದನ್ನ ಯಾರು ಬರೆದಿದ್ದು?"

ಟೈಲರಮ್ಮ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನಮ್ಮ ಬಟನ್ ಕಿತಾಪತಿ ಕಣಮ್ಮ. ಮೊನ್ನೆ ಇದರ ಬೆನ್ನ ಮೇಲೆಲ್ಲ ಚಾಕ್‌ಪೀಸಲ್ಲಿ ಗೀಚಿಟ್ಟಿದ್ದಳು. ಬಯ್ದು, ಬ್ರಷ್ ಹಾಕಿ ಉಜ್ಜಿದ್ದೆ. ಒಳಗಿನದು ಕಾಣಲಿಲ್ಲ. ಕೊಡು, ಒಂದು ನಿಮಿಷ, ಉಜ್ಜಿಬಿಡ್ತೀನಿ."

"ಮುಟ್ಟಬೇಡಿ!"

ಅಕ್ಕ ಕೋಟನ್ನು ಎದೆಗೆ ಅವಚಿಕೊಂಡಳು. "ಗೆರೆ ಎಷ್ಟು ಗಟ್ಟಿಯಾಗಿದೆ ನೋಡಿ. ಎಲ್ಲೂ ತುಂಡಾಗಿಲ್ಲ. ಈ ಮಗು ಏನೂ ಹಿಡಿಯಲ್ಲ ಅಂತ ಯಾರು ಹೇಳಿದ್ದು?"

ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸನ್ನು ಡ್ರಾಯರಿನಿಂದ ತೆಗೆದು ತೋರಿಸಿದಳು. ಚಪ್ಪಟೆ ಬಿಲ್ಲೆ, ಮೂರು ಮೂಲೆ, ಬಿಸ್ಕತ್ತಿನಷ್ಟು ಅಗಲ. ಅಕ್ಕ ಅದನ್ನು ಅಂಗೈಯಲ್ಲಿಟ್ಟು ಮುಚ್ಚಿ ನೋಡಿದಳು.

"ಇದೇ ವಿಷಯ. ಕ್ರೇಯಾನ್ ತೆಳ್ಳಗಿರುತ್ತೆ, ಜಾರುತ್ತೆ. ಇದು ಅಂಗೈಯಲ್ಲೇ ನಿಲ್ಲುತ್ತೆ. ತಪ್ಪು ಮಗು ಕೈದಲ್ಲ, ಕೊಟ್ಟ ಸಾಮಾನಿಂದು."

"ಆದ್ರೆ ಇದೇನಮ್ಮ ಇದು? ತಲೆ ಇಲ್ಲ ಬುಡ ಇಲ್ಲ."

"ನನ್ನ ಕೇಳಬೇಡಿ, ಬರೆದವಳನ್ನ ಕೇಳಿ. ಇದೇನು ಅಂತಲ್ಲ, ಅದು ಪರೀಕ್ಷೆ ಆಗುತ್ತೆ. ಇದರ ಕಥೆ ಹೇಳು ಅನ್ನಿ. ಆಮೇಲೆ ಸುಮ್ಮನೆ ಕಾಯಿರಿ."

ಬಟನ್ ಹೊಲಿಗೆ ಯಂತ್ರದ ಮೇಜಿನ ಕೆಳಗಿದ್ದಳು. ಅದೇ ಅವಳ ಜಾಗ. ಹೊರಗೆ ಬಂದು, ಬೈಗುಳ ಬೀಳುತ್ತದೆಯೋ ಎಂದು ಅಜ್ಜಿಯ ಮುಖ ನೋಡಿದಳು. ಬೀಳಲಿಲ್ಲ. ಅಸ್ತರಿನ ಮೇಲೆ ಬೆರಳಿಟ್ಟಳು.

"ಅಜ್ಜಿ... ಕಾಲು."

ಇಬ್ಬರೂ ಕಾದರು.

"ಇದು ಚಪ್ಪಲಿ. ಇದು... ಇಲ್ಲ. ಟಕ ಟಕ ಟಕ."

ಟೈಲರಮ್ಮ ತನ್ನ ಕಾಲು ನೋಡಿಕೊಂಡಳು. ಎಡಗಾಲಲ್ಲಿ ಚಪ್ಪಲಿ, ಬಲಗಾಲು ಬರಿಗಾಲು. ಬರಿಗಾಲಲ್ಲಿ ತುಳಿದರೇ ಯಂತ್ರ ಮಾತು ಕೇಳುವುದು ಎಂದು ಮೊದಲಿನಿಂದಲೂ ಅವಳ ಅಭ್ಯಾಸ. ಜೊತೆಗೆ ಬಾಳಿದ ಗಂಡನಾಗಲಿ, ಹೆತ್ತ ಮಗನಾಗಲಿ ಅದನ್ನು ಒಂದು ದಿನವೂ ಗಮನಿಸಿರಲಿಲ್ಲ. ಚಿತ್ರದಲ್ಲಿ ಒಂದು ಕಾಲಿಗೆ ಮಾತ್ರ ದಪ್ಪ ಗೆರೆಯ ಪಟ್ಟಿ ಇತ್ತು. ಇನ್ನೊಂದಕ್ಕೆ ಐದು ಬೆರಳು, ಒಂದೂ ತಪ್ಪಿಲ್ಲ. ಮೇಜಿನ ಕೆಳಗೆ ಕೂತವಳಿಗೆ ಕಂಡ ಅಜ್ಜಿ ಅದು.

ಹಾಗಾದರೆ ಕೋಟಿನ ಬೆನ್ನ ಮೇಲೆ ಇದ್ದದ್ದು ಏನು? ಅದನ್ನು ಟೈಲರಮ್ಮ ತಾನೇ ಬ್ರಷ್ ಹಾಕಿ ಉಜ್ಜಿದ್ದಳು. ಸಾಲದ್ದಕ್ಕೆ ಬಯ್ದೂ ಇದ್ದಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸುವವರ ಮಾತು ಕೇಳಿದ್ದೇವಲ್ಲ, ಆ ಮಾತು ಈಗ ಅವಳಿಗೇ ತಾಗಿತು. ಟೀಚರ್ ಮೇಲಿದ್ದ ಸಿಟ್ಟು ಇಳಿಯಲಿಲ್ಲ, ಅರ್ಧ ಸಿಟ್ಟು ತನ್ನ ಕಡೆಗೂ ತಿರುಗಿತು.

"ಅಕ್ಷರ ಬಂದ್ರೆ ಸಾಕು ಅಂತಾನಮ್ಮ ನನ್ನ ಮಗ," ಎಂದಳು ಸಣ್ಣ ದನಿಯಲ್ಲಿ.

"ಇವತ್ತು ಗೆರೆ ಎಳೆಯೋ ಕೈಯೇ ನಾಳೆ ಅಕ್ಷರ ಬರೆಯೋದು. ಆದ್ರೆ ಗೆರೆ ಅವಳದ್ದಾಗಿರಬೇಕು. ನೋಡಿದ್ದನ್ನ, ನೆನಪಿಟ್ಟುಕೊಂಡದ್ದನ್ನ ತಾನೇ ಹೇಳಬೇಕು. ಮಾತು ನಿಧಾನ ಇರೋ ಮಗುವಿಗೆ ಇದೂ ಮಾತೇ. ಹಾಳೆ ಜಾರದ ಹಾಗೆ ಮೇಜಿಗೆ ಅಂಟಿಸಿ. ಕ್ರೇಯಾನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಬಣ್ಣದಲ್ಲಿ ಅಂಗೈ ಅದ್ದಿ ಒತ್ತಲಿ. ಮತ್ತೆ ಎಲ್ಲರ ಜೊತೆ ಕೂರಲಿ, ಅದು ಮುಖ್ಯ." ಅಕ್ಕ ಕೋಟನ್ನು ಮತ್ತೆ ಮೇಜಿನ ಮೇಲಿಟ್ಟಳು. "ಇದು ನಿಮ್ಮ ಹತ್ತಿರ ಇರಲಿ. ಶಾಲೆಗೆ ತಗೊಂಡು ಹೋಗಿ."

ಸಂಜೆ ಮಗ ಕೋಟಿನ ಒಳಗಿನ ಚಿತ್ರ ನೋಡಿದ. ಆಮೇಲೆ ಬಗ್ಗಿ, ಅಮ್ಮನ ಕಾಲು ನೋಡಿ, "ನಾಳೆ ನಾನೂ ಬರ್ತೀನಿ. ಆದ್ರೆ ಜಗಳ ಮಾಡಬೇಡ," ಎಂದ.

"ಜಗಳ ಯಾಕೆ? ಅಳತೆ ಸರಿ ಮಾಡೋಕೆ ಹೋಗ್ತಿರೋದು," ಎಂದಳು ಟೈಲರಮ್ಮ. ಜಗಳ ಮಾಡದೇ ಬರುವ ಉದ್ದೇಶ ಅವಳಿಗೆ ಖಂಡಿತ ಇರಲಿಲ್ಲ.

ಕೋಟು, ಒಂದು ಡಬ್ಬ ಚಾಕ್‌ಪೀಸ್ ಬಿಲ್ಲೆ, ಒಂದು ಸುರುಳಿ ಕಪ್ಪು ಕಾಗದ. ಮರುದಿನ ಶಾಲೆಯಲ್ಲಿ ಇಷ್ಟನ್ನು ಟೀಚರ್ ಮುಂದೆ ಇಟ್ಟು ಟೈಲರಮ್ಮ ಕಥೆಯೆಲ್ಲ ಹೇಳಿದಳು. ಟೀಚರ್ ಚಿತ್ರ ನೋಡಿದರು, ಮಗುವನ್ನು ನೋಡಿದರು. ಆದರೂ ಮನಸ್ಸು ಒಪ್ಪಲಿಲ್ಲ.

"ಅಜ್ಜಿ, ನನಗಿರೋದು ಎರಡು ಕೈ, ಮಕ್ಕಳು ಇಪ್ಪತ್ತಾರು. ಇವಳೊಬ್ಬಳಿಗೆ ಬೇರೆ ಕೊಟ್ರೆ ಉಳಿದವರೂ ಕೇಳ್ತಾರೆ."

"ಕೇಳಲಿ! ಅದಕ್ಕೇ ಡಬ್ಬ ತುಂಬ ತಂದಿದ್ದೀನಿ. ನಾನೊಂದು ಕೇಳ್ತೀನಿ ಹೇಳಿ ಟೀಚರ್. ಇಪ್ಪತ್ತಾರು ಜನಕ್ಕೂ ಒಂದೇ ಅಳತೆಗೆ ಅಂಗಿ ಹೊಲಿದು ಕೊಟ್ರೆ ಗಿರಾಕಿ ನನ್ನ ಮುಖಕ್ಕೆ ಎಸೀತಾರೋ ಇಲ್ಲವೋ? ತೋಳು ಉದ್ದ ಆದ್ರೆ ನಾನು ಅಂಗಿ ಕತ್ತರಿಸ್ತೀನಮ್ಮ, ಕೈ ಕತ್ತರಿಸಲ್ಲ. ನೀವು ಮಗುವನ್ನೇ ಕತ್ತರಿಸಿ ಕಿಟಕಿ ಹತ್ತಿರ ಇಟ್ಟಿದ್ದೀರಿ!"

ಟೀಚರ್ ಮುಖ ಕೆಂಪಾಯಿತು. ಮಗ ಅಮ್ಮನ ಸೆರಗು ಜಗ್ಗಿದ. ಕೊನೆಗೆ ಟೀಚರ್ ಉಸಿರು ಬಿಟ್ಟು, "ಒಂದು ಸಲ ನೋಡೋಣ," ಎಂದರು. "ಮಾದರಿಗೆ ಬೋರ್ಡಲ್ಲಿ ಏನು ಬರೆಯಲಿ?"

"ಏನೂ ಬರೀಬೇಡಿ."

ಹಾಳೆಗಳನ್ನು ಮೇಜಿಗೆ ಅಂಟಿಸಿದ್ದಾಯಿತು. ಬಟನ್‌ಳ ಕುರ್ಚಿ ಕಿಟಕಿಯಿಂದ ಮೇಜಿನ ಹತ್ತಿರ ಬಂತು. ಎಲ್ಲರ ಕೈಗೂ ಚಾಕ್‌ಪೀಸ್ ಬಿಲ್ಲೆ ಬಂತು. ಆದರೆ ಯಾರೂ ಶುರು ಮಾಡಲಿಲ್ಲ. ಮಕ್ಕಳೆಲ್ಲ ಖಾಲಿ ಬೋರ್ಡನ್ನು ನೋಡುತ್ತ ಕೂತಿದ್ದವು.

"ಟೀಚರ್, ಮನೆ ಎಲ್ಲಿ?" ಎಂದಿತು ಒಂದು ಮಗು.

ಟೈಲರಮ್ಮ ಟೀಚರ್ ಕಡೆ ದುರುಗುಟ್ಟಿ ನೋಡಿದಳು. ಐದು ವರ್ಷದ ಕೂಸುಗಳು! ಹೇಳಿಕೊಡದೆ ಒಂದು ಗೆರೆ ಎಳೆಯಲೂ ಹೆದರುವಂತೆ ಮಾಡಿಟ್ಟಿದ್ದಾರಲ್ಲ ಇವರನ್ನು.

ಆಗ ಚಾಕ್‌ಪೀಸ್ ಗರಗರ ಸದ್ದು ಮಾಡಿತು. ಬಟನ್ ಶುರು ಮಾಡಿದ್ದಳು. ಅಂಗೈಯಲ್ಲಿ ಬಿಲ್ಲೆ ಹಿಡಿದು, ಮೈಯನ್ನೇ ಮುಂದೆ ಬಗ್ಗಿಸಿ ಎಳೆಯುತ್ತಿದ್ದಳು. ಪಕ್ಕದ ಹುಡುಗಿ ಅದನ್ನು ನೋಡಿ ತಾನೂ ಹಾಗೇ ಹಿಡಿದಳು. ಆಮೇಲೆ ಅವಳಾಚೆಗಿನವಳು. ಸ್ವಲ್ಪ ಹೊತ್ತಿಗೆ ಕೋಣೆಯೆಲ್ಲ ಗರಗರ. ಒಬ್ಬ ಹಾಳೆಯನ್ನು ಪೂರ್ತಿ ಬಿಳಿ ಮಾಡಿ, "ಸೋಪಿನ ನೊರೆ, ಒಳಗೆ ನಾನಿದ್ದೀನಿ," ಎಂದ. ಒಬ್ಬಳು ಟೀಚರನ್ನೇ ಬರೆದಳು, ಬರೀ ಬಾಯಿ ಇತ್ತು. ಸರಿ ಮಾಡಲು ಟೀಚರ್ ಕೈ ಮುಂದೆ ಹೋಯಿತು. ಟೈಲರಮ್ಮ ಕೆಮ್ಮಿದಳು. ಟೀಚರ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬಾಯಿಯ ಚಿತ್ರವನ್ನು ಇನ್ನೊಮ್ಮೆ ನೋಡಿ ತಾವೇ ನಕ್ಕುಬಿಟ್ಟರು.

ಅಂದಿನಿಂದ ವಾರಕ್ಕೆ ಮೂರು ದಿನ ಹಾಗೇ ನಡೆಯಿತು. ಟೀಚರ್ ಗೋಡೆಯ ಮನೆಗಳನ್ನೆಲ್ಲ ತಾವೇ ಕಿತ್ತರು. ತಿಂಗಳ ಕೊನೆಗೆ ದೊಡ್ಡ ಮೇಡಂ ಬಂದಾಗ ಗೋಡೆಯ ಮೇಲೆ ಇಪ್ಪತ್ತಾರು ಕೈಗಳ ಇಪ್ಪತ್ತಾರು ಚಿತ್ರ ಇದ್ದವು.

"ಇದೇನಿದು ಅವತಾರ?" ಎಂದರು ಮೇಡಂ. ಟೈಲರಮ್ಮ, ಮಗ, ರಜ ಹಾಕಿ ಬಂದ ಸೊಸೆ ಮೂವರೂ ಬಾಗಿಲಲ್ಲಿ ನಿಂತಿದ್ದರು. ಟೈಲರಮ್ಮ ಬಾಯಿ ತೆರೆಯುವ ಮೊದಲೇ ಟೀಚರ್, "ಇದು ಮಕ್ಕಳು ಮಾಡಿದ್ದು ಮೇಡಂ. ಹಿಂದಿನದ್ದು ನಾನು ಮಾಡಿದ್ದು," ಎಂದರು.

ಮೇಡಂ ಒಂದು ಹಾಳೆಯ ಮುಂದೆ ನಿಂತರು. ಅದರಲ್ಲಿ ಒಂದು ಚೌಕ, ಚೌಕದೊಳಗೆ ಒಂದೇ ಒಂದು ಚೆಂಡು. ಚೌಕದಾಚೆ ತುಂಬ ಕಾಲುಗಳು. ಹಾಳೆ ಸ್ವಲ್ಪ ಓರೆಯಾಗಿತ್ತು, ಅಂಚಿನಲ್ಲಿ ಚಾಕ್‌ಪೀಸಿನ ಪುಡಿ ಮೆತ್ತಿತ್ತು. ಒರೆಸಿ ನೇರ ಮಾಡೋಣ ಎಂದು ಮೇಡಂ ಕೈ ಚಾಚಿದರು.

ಬಟನ್ ಮೇಜಿನಿಂದ ಎದ್ದು ಬಂದಳು. ಮೇಡಂ ಕೈಯನ್ನು ತನ್ನ ಪುಟ್ಟ ಕೈಯಿಂದ ಪಕ್ಕಕ್ಕೆ ತಳ್ಳಿದಳು.

"ಮುಟ್ಟಬೇಡಿ," ಎಂದಳು. ಎಲ್ಲರೂ ಕಾದರು. "ನಂದು."

ಮೇಡಂ ಕಿಟಕಿಯನ್ನು ನೋಡಿದರು, ಚಿತ್ರವನ್ನು ನೋಡಿದರು. ಆ ಚೌಕ ಯಾವುದು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಈ ಮಗು ಇಲ್ಲೇ ಇರಲಿ," ಎಂದರು ಮೆಲ್ಲಗೆ.

ಮಗ ಕೈ ಮುಗಿಯಲು ಹೋದ. ಟೈಲರಮ್ಮ ಅವನ ಕೈ ಕೆಳಗಿಳಿಸಿದಳು. "ಅವಳ ಜಾಗ ಅವಳಿಗೆ ಕೊಟ್ಟಿದ್ದಕ್ಕೆ ಉಪಕಾರ ಹೊರಬೇಕೇನೋ?" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗುವಿನ ಶಾಲೆಗೆ ಹೋದಾಗ ಗೋಡೆಯನ್ನು ಕಣ್ಣು ಬಿಟ್ಟು ನೋಡಿ. ಎಲ್ಲ ಚಿತ್ರಗಳೂ ಒಂದೇ ಕೈಯವಾದರೆ ಚೆನ್ನಾಗಿದೆ ಎಂದು ತಲೆದೂಗಿ ಬರಬೇಡಿ, ಅಲ್ಲೇ ಕೇಳಿ. ಯಾವ ಮಗುವಿನ ಕುರ್ಚಿ ಮೇಜಿನಿಂದ ದೂರ ಇದೆ ಎಂದು ನೋಡಿ. ಅದು ನಿಮ್ಮ ಮಗುವಲ್ಲದಿದ್ದರೂ ಕೇಳಿ. ಟೀಚರ್‌ಗಳೇ, ನಿಮ್ಮ ಕೈ ಬೆನ್ನ ಹಿಂದೆ ಇರಲಿ, ಹಿಡಿಯಲು ಬರುವಂಥದ್ದನ್ನು ಮಗುವಿನ ಕೈಗೆ ಕೊಡಿ. ಮನೆಯಲ್ಲಿ ಗೋಡೆಗೋ ಬಟ್ಟೆಗೋ ಗೀಚಿದ್ದು ಕಂಡರೆ, ಒರೆಸುವ ಬಟ್ಟೆ ತರುವ ಮೊದಲು ಒಂದು ನಿಮಿಷ ಕೂತು ಅದರ ಕಥೆ ಕೇಳಿ. ಅಂದು ಕೋಟಿನ ಬೆನ್ನ ಮೇಲೆ ಏನಿತ್ತು ಎಂದು ಟೈಲರಮ್ಮ ಎಷ್ಟೋ ಸಲ ಕೇಳಿದ್ದಾಳೆ. ಬಟನ್‌ಗೆ ಈಗ ನೆನಪಿಲ್ಲ.