ಕತ್ತರಿಯ ಹಣೆಗೆ ಗಂಧ

ಶುಕ್ರವಾರ ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಹರಿಣಾಕ್ಷಿಯ ಕತ್ತರಿ ಹದಿನಾರನೇ ಬಂಗುಡೆಯ ಬಾಲದ ಮೇಲೆ ನಿಂತಿತು. ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಎಡಗೈಯನ್ನೂ ಸೇರಿಸಿ ಒತ್ತಿದ ಮೇಲೆ ಬಾಲ ತುಂಡಾಯಿತು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಎದ್ದ ನೋವು ಮೊಣಕೈವರೆಗೆ ಹೋಗಿ ಅಲ್ಲೇ ಕುಳಿತಿತು.

ನಾವುಂದ ಪೇಟೆಯ ಮೀನಿನ ಶೆಡ್ಡಿನಲ್ಲಿ, ಗಿರಾಕಿಗಳು ಕೊಂಡ ಮೀನನ್ನು ಹಸನು ಮಾಡಿಕೊಡಲು ಎರಡು ಕಲ್ಲುಚಪ್ಪಡಿಗಳಿವೆ. ನಲ್ಲಿಯ ಪಕ್ಕದ್ದು ಹರಿಣಾಕ್ಷಿಯದು, ಹತ್ತೊಂಬತ್ತು ವರ್ಷಗಳಿಂದ. ಆಚೆಯದು ಪದ್ದುವಿನದು. ಪದ್ದು ಅಂದರೆ ಪದ್ಮಾವತಿ. ಆದರೆ ಹಾಗೆ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

"ಎಂತ ಆಯ್ತ್ ಹೆಣ್ಣೆ? ಬಂಗುಡಿ ಸತ್ ಎರಡ್ ದಿನ ಆಯ್ತ್, ಇನ್ನೂ ಜಗಳ ಮಾಡ್ತಾ ನಿನ್ ಹತ್ರ?" ಎಂದಳು ಪದ್ದು.

"ಬೆರಳ್ ಮುಗಿತ್ ಪದ್ದಕ್ಕ."

"ಹೋದ್ ವರ್ಷ ದಸರಾ ಮುಗ್ದ್ ಮರುದಿನನೂ ಇದನ್ನೇ ಹೇಳಿದ್ದೆ ನೀನ್. ಅದರ ಹಿಂದಿನ ವರ್ಷನೂ."

ಪದ್ದು ಹೇಳಿದ್ದು ಸರಿಯಾಗಿತ್ತು. ಆಯುಧಪೂಜೆ, ವಿಜಯದಶಮಿ ಎಂದು ಎರಡು ದಿನ ಕೆಲಸ ನಿಲ್ಲಿಸಿ ಮೂರನೇ ದಿನ ಕೂತರೆ, ಹರಿಣಾಕ್ಷಿಯ ಕೈ ಪ್ರತಿ ವರ್ಷವೂ ಇನ್ನಷ್ಟು ಬಿಗಿಯಾಗಿರುತ್ತಿತ್ತು. ವಯಸ್ಸಾದ ಕೈಗೆ ರಜೆ ಕೊಟ್ಟರೆ ಹೀಗೇ ಆಗುವುದು ಎಂದು ಅವಳು ತೀರ್ಮಾನಿಸಿದ್ದಳು. ಆಸ್ಪತ್ರೆಯ ಡಾಕ್ಟರು ಹೆಬ್ಬೆರಳಿಗೆ ಪಟ್ಟಿ ಸುತ್ತಿ, ನೋವು ಇಳಿಯದಿದ್ದರೆ ಈ ಕೆಲಸ ಬಿಡಬೇಕಾಗುತ್ತದೆ ಎಂದಿದ್ದರು. ಹಬ್ಬಕ್ಕೆ ಮೊದಲೇ ಅವಳು ತನ್ನ ಓರಗಿತ್ತಿ ವನಜಳಿಗೆ ಮಾತು ಕೊಟ್ಟಾಗಿತ್ತು: ಸೋಮವಾರದಿಂದ ಕಲ್ಲು ನಿನ್ನದು.

ಮಾತು ಕೊಟ್ಟ ಮೇಲೆ ಮೂರು ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ. ಮನೆಯಲ್ಲಿ ಮಾಡುವ ಕೆಲಸ ಏನೂ ಕಡಿಮೆ ಇರಲಿಲ್ಲ. ಆದರೆ ಅಲ್ಲಿ ಬೆಳಿಗ್ಗೆ ಆರೂವರೆಗೆ ಯಾರೂ ಅವಳ ಹೆಸರು ಹಿಡಿದು ಕರೆದು, ತಮ್ಮ ಮೀನು ಮೊದಲು ಮಾಡು ಎಂದು ಜಗಳವಾಡುತ್ತಿರಲಿಲ್ಲ.

ಕತ್ತರಿಯ ಬಗ್ಗೆ ಹೇಳಬೇಕೆಂದರೆ, ಅದು ಅಡುಗೆಮನೆಯ ಕತ್ತರಿ. ಒಂಬತ್ತು ವರ್ಷದ ಹಿಂದೆ ಹಾಲಿನ ಪ್ಯಾಕೆಟ್ ಕತ್ತರಿಸಲೆಂದು ತಂದದ್ದು. ರೆಕ್ಕೆ ಕತ್ತರಿಸಲು ಕತ್ತಿಗಿಂತ ಇದೇ ಸಲೀಸು ಎಂದು ಗೊತ್ತಾದ ದಿನ ಅದು ಶೆಡ್ಡಿಗೆ ಬಂತು. ದಿನಾ ತೊಳೆದು, ಬಟ್ಟೆಯಲ್ಲಿ ಒರೆಸಿ, ಮನೆಗೆ ಒಯ್ಯುತ್ತಿದ್ದಳು. ಮೊಬೈಲಿನಲ್ಲಿ ಯಾರೋ ತೋರಿಸಿದ್ದನ್ನು ನೋಡಿ ಹರಿತವಾಗಲೆಂದು ತಿಂಗಳಿಗೊಮ್ಮೆ ಮರಳುಕಾಗದವನ್ನೂ ಕತ್ತರಿಸುತ್ತಿದ್ದಳು. ಆಯುಧಪೂಜೆಯ ದಿನ ಮನೆಯ ಕತ್ತಿ, ಈಳಿಗೆಮಣೆ, ಮಗನ ಬೈಕಿನ ಸಾಲಿನಲ್ಲಿ ಅದನ್ನೂ ಇಟ್ಟು, ಗಂಧ ತೇಯ್ದು ಬೊಟ್ಟು ಇಡುತ್ತಿದ್ದಳು. ಬೈಕಿನ ಹಣೆ ಎಂದರೆ ದೀಪ. ಕತ್ತರಿಯ ಹಣೆ ಎಲ್ಲಿ ಎಂದು ಕೇಳಿದರೆ ಯಾರೇ ಆದರೂ ನಡುವಿನ ಸ್ಕ್ರೂವನ್ನೇ ತೋರಿಸುತ್ತಾರೆ.

ಸಂಜೆ ಮಗ ಯತೀಶ್ ಕತ್ತರಿಯನ್ನು ಬೆಳಕಿಗೆ ಹಿಡಿದು ನೋಡಿದ. ಅವನು ದೋಣಿಯ ಇಂಜಿನ್ ರಿಪೇರಿ ಮಾಡುವವನು. ಸಣ್ಣ ಸಾಮಾನಿನ ಬಗ್ಗೆ ಅವನಿಗೆ ಸಂಶಯವೇ ಬರುವುದಿಲ್ಲ.

"ಅಮ್ಮ, ನಿನ್ ಬೆರಳಿಗ್ ಎಂತದೂ ಆಯ್ಲಿಲ್ಲೆ. ಕತ್ರಿ ಮೊಂಡ್ ಆಯ್ತ್. ಗ್ರೈಂಡರಿಗೆ ಹಿಡ್ಕಂಡ್ ಬತ್ತೆ."

"ಹಾಳ್ ಮಾಡ್ಬೇಡ ಮಾರಾಯ."

"ಹಾಳ್ ಮಾಡುಕೆ ಅದೆಂತ ವಿಮಾನನಾ?"

ವರ್ಕ್‌ಶಾಪಿನ ಗ್ರೈಂಡರಿನಲ್ಲಿ ಅವನು ಎರಡೂ ಅಲಗುಗಳ ಹೊರಬದಿ, ಒಳಬದಿ, ಒಟ್ಟು ನಾಲ್ಕು ಕಡೆ ಸಮನಾಗಿ ಉಜ್ಜಿದ. ಯಾವ ಬದಿಗೂ ಅನ್ಯಾಯ ಆಗಬಾರದು ಎಂಬುದು ಅವನ ಲೆಕ್ಕ. ಕತ್ತರಿ ಹೊಸ ರೂಪಾಯಿಯಂತೆ ಹೊಳೆಯಿತು.

ಶನಿವಾರ ಬೆಳಿಗ್ಗೆ ಅದು ಏನನ್ನೂ ಕತ್ತರಿಸಲಿಲ್ಲ. ಚಪ್ಪಟೆ ನಂಗು ಮೀನಿನ ಅಂಚಿನ ರೆಕ್ಕೆ ಅಲಗುಗಳ ನಡುವೆ ಮಡಚಿಕೊಂಡು ಹಾಗೇ ಹೊರಬಂತು. ಸಿಗಡಿಯ ಮೀಸೆ ಕೂಡ ಮಡಚಿತು. ಅಂಗನವಾಡಿಯ ಗುಣವತಿ ಟೀಚರು ಕಟ್ಟು ಬಿಚ್ಚಿ ನೋಡಿ, ಎಲ್ಲ ಮೀನಿಗೂ ರೆಕ್ಕೆ ಇರುವುದನ್ನು ತೋರಿಸಿ, ಪದ್ದುವಿನ ಕಲ್ಲಿಗೆ ಹೋದರು. ಹತ್ತೊಂಬತ್ತು ವರ್ಷದಲ್ಲಿ ಹರಿಣಾಕ್ಷಿಯ ಕಲ್ಲಿನಿಂದ ಮೀನು ಆಚೆ ಹೋದದ್ದು ಅದೇ ಮೊದಲು.

ಪದ್ದು ಆ ಮೀನನ್ನು ಮಾಡಿಕೊಟ್ಟ ಮೇಲೆ ಕೈ ತೊಳೆದುಕೊಂಡು ಹೇಳಿದಳು: "ಕಲ್ ಬಿಟ್ ಕೊಡುದ್ ನಿನ್ನಿಷ್ಟ. ಅದ್ಕಿಂತ ಮೊದ್ಲ್ ಒಂದ್ಸಲ ಕೋಟದ ಮಂಜನ ಹತ್ರ ಹೋಯಿ ಬಾ. ಬೊಂಬಾಯಂಗೆ ಮೂವತ್ ವರ್ಷ ಕತ್ರಿ ಸಾಣೆ ಹಿಡ್ದ್ ಜನ ಅದ್."

ಹರಿಣಾಕ್ಷಿ ಮಧ್ಯಾಹ್ನ ಕುಂದಾಪುರದಲ್ಲಿ ಬಸ್ಸು ಬದಲಿಸಿ ಕೋಟಕ್ಕೆ ಹೋದಳು. ಮಂಜನ ಅಂಗಡಿ ಬಸ್‌ಸ್ಟಾಪಿನ ಹಿಂದೆ, ಒಂದು ಚಕ್ರ ಮತ್ತು ಒಂದು ಬೆಂಚು. ಮಂಜನಿಗೆ ಎಪ್ಪತ್ತರ ಹತ್ತಿರ. ಅವನು ಕತ್ತರಿಯನ್ನು ತೆರೆದು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಕೇಳಿ, ಒದ್ದೆ ಬಟ್ಟೆಯ ಚೂರೊಂದನ್ನು ಕತ್ತರಿಸಲು ನೋಡಿದ. ಬಟ್ಟೆ ಮಡಚಿತು.

"ಯಾರ್ ಗ್ರೈಂಡ್ ಮಾಡ್ದ್?"

"ಮಗ."

"ಎಂತ ಮಾಡ್ತ?"

"ದೋಣಿ ಇಂಜಿನ್ ರಿಪೇರಿ."

"ಹ್ಞೂಂ. ದೋಣಿ ತೇಲ್ತಾ ಇತ್ತಾ?"

ಉತ್ತರಕ್ಕೆ ಕಾಯದೆ ಮಂಜ ಕತ್ತರಿಯನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ಮುಳುಗಿಸಿಟ್ಟ. ಹತ್ತು ನಿಮಿಷದ ಮೇಲೆ ಸ್ಕ್ರೂ ಬಿಚ್ಚಿದ. ಎರಡು ಅಲಗು ಬೇರೆಯಾದ ಜಾಗದಲ್ಲಿ ಹಳದಿ ಬಣ್ಣದ, ಸುಣ್ಣದಂತೆ ಗಟ್ಟಿಯಾದ ಒಂದು ಬಿಲ್ಲೆ ಇತ್ತು. ಅವನು ಅದನ್ನು ಉಗುರಿನಲ್ಲಿ ಕೆರೆದು ಮೂಸಿ ನೋಡಿದ.

"ಗಂಧ," ಎಂದ. "ಮೀನಿನ್ ಕತ್ರಿಯಂಗೆ ಗಂಧ ಹ್ಯಾಂಗ್ ಬಂತ್?"

"ಆಯುಧಪೂಜೆಗೆ ಬೊಟ್ ಇಟ್ಟದ್."

"ಎಷ್ಟ್ ವರ್ಷದಿಂದ?"

"ಒಂಬತ್."

ಒಂಬತ್ತು ವರ್ಷದ ಗಂಧವನ್ನು ಮಂಜ ಬೆಂಚಿನ ಮೇಲೆ ಉದುರಿಸಿದ. ಮೇಲಿನದು ತೊಳೆದಾಗ ಹೋಗುತ್ತಿತ್ತು, ಸಂದಿಗೆ ಇಳಿದದ್ದು ಎರಡು ದಿನದ ರಜೆಯಲ್ಲಿ ಒಣಗಿ ಉಳಿಯುತ್ತಿತ್ತು. ವರ್ಷಕ್ಕೊಂದು ಪದರ.

"ಕಾಣಿ ಅಕ್ಕ. ನಿಮ್ ಕತ್ರಿ ಮೊಂಡ್ ಆಯ್ಲಿಲ್ಲೆ, ಜಾಮ್ ಆಯ್ತ್. ನಿನ್ನೆ ತಂದಿದ್ರೆ ಸ್ಕ್ರೂ ಬಿಚ್ಚಿ, ತೊಳ್ದ್, ಒಂದ್ ಹನಿ ಎಣ್ಣೆ ಬಿಟ್ ಕೊಡ್ತಿದ್ದೆ. ಇನ್ನೂ ನಾಕ್ ವರ್ಷ ಬತ್ತಿತ್. ಕತ್ರಿಗೆ ಹೊರಬದಿ ಮಾತ್ರ ಸಾಣೆ ಹಿಡಿಕ್. ಒಳಬದಿ ಮುಟ್ಟುಕಾಗ. ನಿಮ್ ಮಗ ಒಳಬದಿ ತಿಂದ್ ಹಾಕಿದ. ಈಗ ಒಂದಕ್ಕೊಂದ್ ತಾಗುದಿಲ್ಲೆ." ಅವನು ಮತ್ತೆ ಜೋಡಿಸಿ, ಮುಚ್ಚಿ, ಕತ್ತರಿಯನ್ನು ಆಕಾಶಕ್ಕೆ ಹಿಡಿದ. ಅಲಗುಗಳ ನಡುವೆ ಬೆಳಕು ಕಾಣಿಸಿತು. "ಬೆಳಕ್ ಕಂಡ್ರೆ ಖತಂ. ಬಿಸಾಡಿ."

"ಬೆರಳ್?"

ಮಂಜ ಪಟ್ಟಿ ಸುತ್ತಿದ ಹೆಬ್ಬೆರಳನ್ನು ನೋಡಿದ. "ಬೆರಳಿಗ್ ನಾನ್ ಸಾಣೆ ಹಿಡುದಿಲ್ಲೆ," ಎಂದು ತನ್ನ ಕತ್ತರಿಯನ್ನು ಬೆಂಚಿನ ಮೇಲೆ ಇಟ್ಟ. ಹರಿತದ ಸಾಮಾನನ್ನು ಅವನೂ ಕೈಯಿಂದ ಕೈಗೆ ಕೊಡುವವನಲ್ಲ. ಪಕ್ಕದಲ್ಲಿ ಸೈಕಲ್ ಟ್ಯೂಬಿನ ಉದ್ದನೆಯ ಚೂರು ಇಟ್ಟ. "ಇದನ್ ಕತ್ರಿಸಿ ಕಾಣಿ."

ಹರಿಣಾಕ್ಷಿ ಕತ್ತರಿಸಿದಳು. ಚೂರು ಮುಗಿಯುವವರೆಗೂ ಕತ್ತರಿಸಿದಳು. ಮಂಜ ಇನ್ನೊಂದು ಚೂರು ಕೊಟ್ಟ. ಅದೂ ಮುಗಿಯಿತು.

ಎದುರಿನ ಪಾತ್ರೆ ಅಂಗಡಿಯಲ್ಲಿ ಅವಳು ಹೊಸ ಕತ್ತರಿ ಕೇಳಿದಳು. ಅಂಗಡಿಯವನು ಹಿಡಿಕೆಯ ಬಣ್ಣ ಯಾವುದಿರಲಿ ಎಂದು ಕೇಳಿದ. ಅವಳು ಕರವಸ್ತ್ರ ಒದ್ದೆ ಮಾಡಿಕೊಂಡು, ಸ್ಕ್ರೂ ಬಿಚ್ಚಲು ಬರುತ್ತದೆಯೇ ನೋಡಿ, ಒಂದೊಂದರ ತುದಿಯಿಂದಲೂ ಅದನ್ನು ಕತ್ತರಿಸಿ ನೋಡಿದಳು. ಎರಡನ್ನು ವಾಪಸು ಇಟ್ಟಳು. ಮೂರನೆಯದು ತುದಿಯವರೆಗೆ ಕತ್ತರಿಸಿತು. ಕರವಸ್ತ್ರ ಅಲ್ಲಿಗೆ ಮುಗಿದಿತ್ತು.

ಭಾನುವಾರ ಶೆಡ್ಡಿನಲ್ಲಿ ವಾರದ ಅತಿ ಹೆಚ್ಚಿನ ಜನ. ಹರಿಣಾಕ್ಷಿ ಹತ್ತೂವರೆಯವರೆಗೆ ಕಲ್ಲು ಬಿಟ್ಟು ಏಳಲಿಲ್ಲ. ನೋವು ಪೂರ್ತಿ ಹೋಗಿರಲಿಲ್ಲ; ಹದಿನಾರನೇ ಬಂಗುಡೆಗೆ ಬರುತ್ತಿದ್ದದ್ದು ನೂರು ದಾಟಿದ ಮೇಲೆ ಬಂತು, ಮೊಣಕೈವರೆಗೆ ಹೋಗಲಿಲ್ಲ. ಗುಣವತಿ ಟೀಚರು ಎರಡೂ ಕಲ್ಲುಗಳನ್ನು ನೋಡಿ ಇತ್ತ ಬಂದರು.

ವನಜಳಿಗೆ ಫೋನ್ ಮಾಡುವುದು ಉಳಿದಿತ್ತು. ಹರಿಣಾಕ್ಷಿ ಭಾನುವಾರ ಎರಡು ಸಲ ಮೊಬೈಲ್ ತೆಗೆದು ಎರಡು ಸಲವೂ ಇಟ್ಟಳು.

ಸೋಮವಾರ ಆರೂವರೆಗೆ ವನಜ ಬಂದಳು. ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡಿದ್ದಳು, ಹೊಸ ಕತ್ತರಿ ತಂದಿದ್ದಳು. ಅವಳು ಹದಿಮೂರು ವರ್ಷದಿಂದ ಗೇರುಬೀಜದ ಕಾರ್ಖಾನೆಯಲ್ಲಿ ಇರುವವಳು. ಅಲ್ಲಿಯ ಸೂಪರ್‌ವೈಸರಿಗೆ ಕೆಲಸ ಬಿಡುವ ಮಾತನ್ನು ಆ ದಿನ ಮಧ್ಯಾಹ್ನ ಹೇಳುವವಳಿದ್ದಳು. ಹರಿಣಾಕ್ಷಿ ಕಲ್ಲಿನ ಮುಂದೆ ಕೂತಿರುವುದನ್ನು ನೋಡಿ ನಿಂತಳು.

"ಎಂತ ಅಕ್ಕ, ಕಲ್ ತೋರ್ಸುಕೆ ಬಂದ್ರ್ಯಾ?"

"ಇಲ್ಲೆ ವನಜ. ಬೆರಳಿಗೆ ಎಂತ ಆಯ್ಲಿಲ್ಲೆ. ಕತ್ರಿಯದ್ದೇ ದೋಷ. ನಿನ್ನೆಯೇ ಹೇಳ್ಕಿತ್ತ್, ಹೇಳುಕೆ ಧೈರ್ಯ ಬರ್ಲಿಲ್ಲೆ."

"ಮೂರ್ ತಿಂಗ್ಳ್ ಊರಿಡೀ ಬೆರಳ್ ಬೆರಳ್ ಅಂದ್ರಿ. ಈಗ ಕತ್ರಿ ಗಡ!"

ಆಚೆ ಕಲ್ಲಿನಲ್ಲಿ ಪದ್ದು ಒಂದೇ ಬಂಗುಡೆಯನ್ನು ಎರಡು ಸಲ ತೊಳೆದಳು.

"ಹ್ವಾಯ್, ಬೆರಳ್ ಸರಿ ಇದ್ರೆ ಮಾಡಿ ತೋರ್ಸಿ. ನಾನ್ ಕಾಣ್ತೆ," ಎಂದು ವನಜ ಮೀನಿನ ಕ್ರೇಟು ಕವುಚಿ ಹಾಕಿ ಅದರ ಮೇಲೆ ಕೂತಳು.

ಅರ್ಧ ಗಂಟೆ ಕೂತಳು. ಹರಿಣಾಕ್ಷಿ ಐವತ್ತೆರಡು ಬಂಗುಡೆ ಮಾಡಿದಳು. ವನಜ ಒಂದೊಂದನ್ನೂ ಎಣಿಸಿದಳು. ಎಡಗೈ ಒಮ್ಮೆಯೂ ಸಹಾಯಕ್ಕೆ ಬರಲಿಲ್ಲ. ವನಜ ಎದ್ದು ಏಪ್ರನ್ ಬಿಚ್ಚಿ ಮಡಚಿದಳು. ತನ್ನ ಕತ್ತರಿಯನ್ನು ಕಲ್ಲಿನ ಅಂಚಿನಲ್ಲಿ ಇಟ್ಟಳು.

"ಇದನ್ನಾರೂ ಕಾಣಿ. ಒಳ್ಳೇದಾ?"

ಹರಿಣಾಕ್ಷಿ ಒದ್ದೆ ಬಟ್ಟೆ ತೆಗೆದುಕೊಂಡು ತುದಿಯಿಂದ ಕತ್ತರಿಸಿ ನೋಡಿದಳು. ಬಟ್ಟೆ ಮಡಚಿತು.

"ಬದಲ್ ಮಾಡ್ಸ್."

"ಅದೂ ಇಲ್ಲ್ಯಾ!" ಎಂದಳು ವನಜ. ಕಾರ್ಖಾನೆಯ ಬಸ್ಸು ಬರಲು ಇನ್ನೂ ಹದಿನೈದು ನಿಮಿಷವಿತ್ತು. ಅವಳು ನಡೆದೇ ಹೋಗಿ ಅದನ್ನು ಹಿಡಿದಳು.

ಮುಂದಿನ ಆಯುಧಪೂಜೆಗೆ ಹರಿಣಾಕ್ಷಿ ಕತ್ತರಿಯ ಗಂಧವನ್ನು ಹಿಡಿಕೆಗೆ ಹಚ್ಚಿದಳು.